ದಾನೇಶ್ವರಿಯ ಬ್ರೇಕಿಗೆ ಗಾಳಿ ಹೊಕ್ಕಿದ್ದು, ಅವಳ ತಕರಾರು ಸಮೇತ

೧.

ಎಲ್ಲಿಂದ ಶುರು ಮಾಡಲಿ ಅನ್ನುವುದೇ ತಲೆನೋವು. ಕಾರಿನಡಿಯಿಂದ ಹೊರಗೆ ಚಾಚಿದ ಎರಡು ಕಾಲುಗಳಿಂದ ಶುರು ಮಾಡಿದರೆ ಚೆನ್ನಾಗಿರುತ್ತದೆ ಅನ್ನಿಸಿತ್ತು. ಓದುಗರಿಗೆ ಕಾಲು ಮಾತ್ರ ಕಾಣಬೇಕು, ಮುಖ ಕಾಣಬಾರದು, ಅರ್ಧ ಪುಟದ ತನಕ ಬೋಲ್ಟು ಬಿಚ್ಚುವ ಪಾನಾ ತಿರುಗುವ ಸದ್ದು ಕೇಳುತ್ತಿರಬೇಕು. (ಇಂಥ ಶುರುವಿಗೆ ವಿಮರ್ಶಕರು ಬೀಳುತ್ತಾರೆ. ನಾನಂತೂ ಬಿದ್ದೇ ಬಿಡುತ್ತೇನೆ.) ಹಾಗಾಗಿ ಬರೆದೆ:

"ಸೇಡಂನ ಆ ಗಲ್ಲಿಯಲ್ಲಿ ಭಾನುವಾರದ ಬಿಸಿಲು ಏರುತ್ತಿತ್ತು. ಸಿದ್ದಲಿಂಗೇಶ ತನ್ನ ಕಾರಿನ ಕೆಳಗೆ ಅಂಗಾತ ಮಲಗಿ..."

ಅಷ್ಟರಲ್ಲಿ ಅವನ ಹೆಂಡತಿ ದಾನೇಶ್ವರಿ ಬಂದು ಹಾಳೆಯ ಮೇಲೆ ಅಂಗೈ ಊರಿದಳು.

"ತನ್ನ ಕಾರು ಅಂದ್ರ ಯಾರ್ದ್ರೀ?"

"ಅದು, ಸಿದ್ದಲಿಂಗೇಶ ಅವರ..."

"ಆರ್‌ಸಿ ಮ್ಯಾಲ ಯಾರ ಹೆಸರದ? ದಿನಾ ಓಡಸೋರು ಯಾರು? ಒಂದು ಮಾತು ಕೇಳಂಗಿಲ್ಲ, ಬರ್ದೇ ಬಿಡ್ತೀರಿ. ಅಳಸ್ರಿ ಮದಲ."

ಅಳಿಸಿದೆ. ಒಳ್ಳೆಯ ಕಾಲುಗಳು, ಹೋದವು.

೧, ಮತ್ತೆ.

ದಾನೇಶ್ವರಿ ಸ್ಟಾಫ್ ನರ್ಸ್. ಕೆಲಸ ಕುಂಚಾವರಂ ಕಡೆಯ ಆಸ್ಪತ್ರೆಯಲ್ಲಿ, ಮನೆ ಸೇಡಂನಲ್ಲಿ. ಮೊದಲು ಬಸ್ಸಿನಲ್ಲೇ ಹೋಗುತ್ತಿದ್ದಳು. ಚಿಂಚೋಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಅದು ತಪ್ಪಿದರೆ ಡ್ಯೂಟಿಗೆ ತಡ, ತಡವಾದರೆ ಹಿಂದಿನ ಪಾಳಿ ಮಾಡಿ ಸೋತು ನಿಂತ ಸಿಸ್ಟರ್ ಅವಳನ್ನು ನೋಡುವ ನೋಟ ತಡೆಯುವುದು ಕಷ್ಟ. ಕಾರು ಕೊಂಡದ್ದು ಅದಕ್ಕೇ. ಸಣ್ಣದು, ಬಿಳಿ, ಯಾರೋ ಓಡಿಸಿ ಬಿಟ್ಟದ್ದು. ಚಿಂಚೋಳಿ ದಾಟಿ ಕಾಡು ಶುರುವಾದ ಮೇಲೆ ಒಂದು ಇಳಿಜಾರು ಬರುತ್ತದೆ. ಅದರ ತಿರುವಿನಲ್ಲಿ ಎಮ್ಮೆಗಳು ರಸ್ತೆಯನ್ನು ತಮ್ಮ ಅಂಗಳ ಅಂದುಕೊಂಡು ನಿಂತಿರುತ್ತವೆ. ಅವಳು ಬ್ರೇಕ್ ಒತ್ತುತ್ತಾಳೆ, ಕಾರು ನಿಲ್ಲುತ್ತದೆ, ಎಮ್ಮೆ ಯೋಚನೆ ಮಾಡಿ ಸರಿಯುತ್ತದೆ, ಅವಳು ಮುಂದೆ ಹೋಗುತ್ತಾಳೆ.

ಆ ಬ್ರೇಕಿನ ಮೇಲೆ ಅವಳು ಯಾರ ಹತ್ತಿರವೂ ಒಂದು ದೂರು ಹೇಳಿದವಳಲ್ಲ. ಇದನ್ನು ನೆನಪಿಡಿ, ಅವಳ ಸಿಟ್ಟೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಕಾಳಗಿಯಲ್ಲಿ ಬಸುರಿ ತಂಗಿಯ ಕುಬಸ ಇತ್ತು ಅಂತ ಹೋಗಿ, ಒಂದು ದಿನ ಉಳಿದು ಬಂದಳು. ಬಂದು ನೋಡಿದರೆ ಕಾರು ನೆಲದ ಮೇಲೆ ಇಲ್ಲ. ಮನೆ ಕಟ್ಟುವಾಗ ಉಳಿದಿದ್ದ ಶಹಾಬಾದ ಫರ್ಸಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕೂರಿಸಿದ್ದಾರೆ. ಮುಂದಿನ ಎರಡೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ.

"ಸರ್‌ಪ್ರೈಸ್," ಅಂದ ಸಿದ್ದಲಿಂಗೇಶ. ಅವನ ಮುಖದಲ್ಲಿ ನಿಜವಾದ ಖುಷಿ ಇತ್ತು. ಅದು ಇನ್ನೂ ಉರಿಸಿತು ಅವಳನ್ನು.

"ಏನ್ ಮಾಡೀರಿ ಇದಕ?"

"ಬ್ರೇಕ್ ಅಪ್‌ಗ್ರೇಡ್ ಮಾಡಾಕತ್ತೀನಿ. ದೊಡ್ಡ ಕ್ಯಾಲಿಪರ್, ದೊಡ್ಡ ಡಿಸ್ಕ್. ಇನ್ನ ಗಾಡಿ ನಿಂತದ್ದು ಗೊತ್ತೇ ಆಗಂಗಿಲ್ಲ, ನೋಡ್ತಿರು."

"ನಾ ಕೇಳಿದ್ನೇನು?"

ಸಿದ್ದಲಿಂಗೇಶನ ಕೈಯಲ್ಲಿ ಪಾನಾ ಇತ್ತು, ಅದನ್ನು ಹಿಡಿದು ಮತ್ತೆ ಕಾರಿನಡಿ ಹೋದ.

೨. (ಕಾರು ಗೊತ್ತಿದ್ದವರು ಇದನ್ನು ಬಿಟ್ಟು ಮುಂದೆ ಹೋಗಬಹುದು)

ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಗಪ್ಪನೆ ಹಿಡಿಯುವ ಕಬ್ಬಿಣದ ಕೈ. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಪೈಪಿನಲ್ಲಿ ಓಡಿ ಆ ಕೈಯನ್ನು ಮುಚ್ಚಿಸುತ್ತದೆ. ಆಯಿಲ್ಲನ್ನು ಹಿಂಡಿ ಸಣ್ಣದು ಮಾಡಲು ಆಗುವುದಿಲ್ಲ, ಅದಕ್ಕೇ ಅದರ ಮೇಲೆ ಭರವಸೆ. ಗಾಳಿಯನ್ನು ಹಿಂಡಬಹುದು. ಒಳಗೆ ಗಾಳಿ ಸೇರಿದರೆ ನಿಮ್ಮ ಕಾಲಿನ ಬಲವೆಲ್ಲ ಗಾಳಿಯನ್ನು ಹಿಂಡುವುದಕ್ಕೇ ಮುಗಿದು ಹೋಗುತ್ತದೆ, ಚಕ್ರದ ತನಕ ಸುದ್ದಿ ಮುಟ್ಟುವುದಿಲ್ಲ.

(ಇದನ್ನೆಲ್ಲ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ಸಿದ್ದಲಿಂಗೇಶನೂ ಹಾಗೇ ಕಲಿತದ್ದು. ವ್ಯತ್ಯಾಸ ಇಷ್ಟೇ, ನಾನು ಕಲಿತು ಕತೆ ಬರೆದೆ, ಅವನು ಕಲಿತು ಹೆಂಡತಿಯ ಕಾರು ಬಿಚ್ಚಿದ.)

ಸಿದ್ದಲಿಂಗೇಶ ಕೈಲಾಗದವನಲ್ಲ. ಮಳಖೇಡದ ಕಡೆ ಸಿಮೆಂಟ್ ಪ್ಲಾಂಟೊಂದರ ಕಂಪ್ರೆಸರ್ ಹೌಸಿನಲ್ಲಿ ಆಪರೇಟರ್. ಗಾಳಿಯೇ ಅವನ ಅನ್ನ. ಶಹಾಬಾದಿನ ಗುಜರಿಯಲ್ಲಿ ದೊಡ್ಡ ಕಾರಿನ ಕ್ಯಾಲಿಪರ್ ಜೋಡಿಯೊಂದು ಡಿಸ್ಕಿನ ಸಮೇತ ಕಣ್ಣಿಗೆ ಬಿತ್ತು, ತಂದ. ಹಳೆಯವನ್ನು ಬಿಚ್ಚಿ ಇವನ್ನು ಕೂರಿಸಿದ. ಬೋಲ್ಟು ಸರಿಯಾಗಿ ಕೂತವು. ಬೋಲ್ಟು ಕೂತರೆ ಎಲ್ಲ ಸರಿ ಕೂತಂತೆ ಅನ್ನುವುದು ಗಂಡಸರ ನಂಬಿಕೆ.

೩.

ಪೈಪು ಬಿಚ್ಚಿದ ಮೇಲೆ ಗಾಳಿ ಒಳಗೆ ಹೋಗಿಯೇ ಹೋಗುತ್ತದೆ, ಅದನ್ನು ತೆಗೆಯಬೇಕು. ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಕ್ಯಾಲಿಪರಿನ ಸಣ್ಣ ನಿಪ್ಪಲ್ ಸಡಿಲಿಸಬೇಕು. ನಿಪ್ಪಲ್ಲಿಗೆ ಮೆಡಿಕಲ್ ಅಂಗಡಿಯಿಂದ ತಂದ ಸಲೈನ್ ಪೈಪು, ಪೈಪಿನ ತುದಿ ಬಾಟಲಿಯಲ್ಲಿ. ಗಾಳಿ ಗುಳ್ಳೆ ಗುಳ್ಳೆಯಾಗಿ ಆ ಬಾಟಲಿಗೆ ಬರಬೇಕು. ಸೀಟಿನಲ್ಲಿ ಕೂತವಳು ಯಾರು ಅಂತ ಬೇರೆ ಹೇಳಬೇಕಿಲ್ಲ.

"ಒತ್ತು."

"ಒತ್ತೀನಿ."

"ಹಿಡಿ."

"ಹಿಡದೀನಿ."

"ಬಿಡು."

ಊಟದ ಹೊತ್ತಿನಿಂದ ಸಂಜೆಯ ಚಹಾದ ತನಕ ಇದೇ ಸಂಸಾರ. ಗುಳ್ಳೆ ಬರಲಿಲ್ಲ. ಗುಳ್ಳೆ ಇಲ್ಲ ಅಂದ ಮೇಲೆ ಗಾಳಿ ಇಲ್ಲ ಅಂತ ಸಿದ್ದಲಿಂಗೇಶ ತೀರ್ಮಾನ ಕೊಟ್ಟ. ಆದರೆ ಪೆಡಲ್ ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಪಟಪಟ ಎರಡು ಮೂರು ಸಲ ಒತ್ತಿದರೆ ಸ್ವಲ್ಪ ಗಟ್ಟಿಯಾಗುತ್ತಿತ್ತು, ಬಿಟ್ಟು ಒತ್ತಿದರೆ ಮತ್ತೆ ಅದೇ ಹಿಟ್ಟು.

"ಇನ್ನಾ ಮೆತ್ತಗದರೀ," ಅಂದಳು.

"ಗಾಳಿ ಪೂರಾ ಹೋಗ್ಯಾದ. ನಿನ್ನ ಕಾಲೇ ಬರೋಬ್ಬರಿಲ್ಲ. ಅರ್ಧಮರ್ಧ ಒತ್ತಾಕತ್ತಿ, ಕಾಲಾಗ ತಾಕತ್ತೇ ಇಲ್ಲ."

ಬಾಗಿಲಲ್ಲಿ ಕೂತು ಅವರೆ ಬಿಡಿಸುತ್ತಿದ್ದ ಅತ್ತೆ ಶರಣಬಸಮ್ಮ ದನಿಗೂಡಿಸಿದಳು. "ಮುಂಜಾನಿಂದ ಅಂವ ನೆಲದ ಮ್ಯಾಲ ಬಿದ್ದು ಹೊಳ್ಳಾಡಾಕತ್ತಾನ. ಕುಂತಲ್ಲೇ ಕುಂತು ಕಾಲು ಒತ್ತೋದು ಒಂದು ಕೆಲಸಾನೇ?"

ದಾನೇಶ್ವರಿ ತನ್ನ ಕಾಲು ನೋಡಿಕೊಂಡಳು. ಇಡೀ ದಿನ ವಾರ್ಡಿನಲ್ಲಿ ನಿಲ್ಲುವ ಕಾಲು ಅದು. ಅವಳು ಮತ್ತೊಮ್ಮೆ ಒತ್ತಿದಳು. ತಿರುಗಿ ಅನ್ನಬೇಕಿತ್ತು ಅಂತ ನನಗೆ ಅನ್ನಿಸುತ್ತದೆ, ಆದರೆ ಅದು ಹಾಗೇ ನಡೆದದ್ದು.

ಚಕ್ರ ಹಾಕಿ ಕಾರು ಇಳಿಸಿದ ಮೇಲೆ ಸಿದ್ದಲಿಂಗೇಶನೇ ಅಂದ: "ಗಲ್ಲಿಯೊಳಗ ಒಂದ್ ಸುತ್ತ ಹೊಡಕೊಂಡ್ ಬಾ. ಓಡಿದಂಗ ಸೆಟ್ ಆಗ್ತದ."

ಅವಳು ಹೊರಟಳು. ನಡೆಯುವವರ ವೇಗದಲ್ಲೇ ಹೊರಟಳು. ನೆರೆಯ ಅಂಬಿಕಾ ಅವರ ಮನೆಯ ತಿರುವಿನಲ್ಲಿ ಬ್ರೇಕ್ ಒತ್ತಿದಳು. ಪೆಡಲ್ ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಅಂಬಿಕಾ ಅವರ ನೀರಿನ ಡ್ರಮ್ಮಿಗೆ ಬಡಿಯಿತು. ಡ್ರಮ್ಮು ಉರುಳಿ ಅಂಗಳವೆಲ್ಲ ಹೊಳೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಗಲ್ಲಿಯ ಜನ ಸೇರಿದರು, ಸೇರಿದವರು ತೀರ್ಪು ಕೊಡದೆ ಹೋಗುತ್ತಾರೆಯೇ? ಹೆಣ್ಮಕ್ಕಳು ಸ್ಟೇರಿಂಗ್ ಹಿಡಿದ್ರ ಇನ್ನೇನಾಗ್ತದ ಅಂದ ಒಬ್ಬ. ಸದ್ಯ ಡ್ರಮ್ಮಿಗೇ ಹೋಯ್ತು ಅಂದ ಇನ್ನೊಬ್ಬ. ಕ್ಯಾಲಿಪರ್ ಬದಲಿಸಿದವನ ಹೆಸರನ್ನು ಒಬ್ಬನೂ ಎತ್ತಲಿಲ್ಲ.

ಸಿದ್ದಲಿಂಗೇಶ ಕಿಟಕಿಯೊಳಗೆ ಕೈ ಹಾಕಿ ಚಾವಿ ತೆಗೆದುಕೊಂಡ. ಅಂಗಿಯ ಜೇಬಿಗೆ ಹಾಕಿಕೊಂಡ.

"ಬ್ರೇಕ್ ಸುದ್ದ ಮಾಡ್ತೀನಿ. ಆದ್ರ ಇನ್ನ ಮ್ಯಾಲ ನೀ ಓಡಸೋದು ಬ್ಯಾಡ. ನನ್ನ ಪಾಳಿ ನೋಡಿಕೊಂಡು ನಾನೇ ಬಿಟ್ಟು ಬರ್ತೀನಿ. ಆಗದಿದ್ದ ದಿನ ಬಸ್ಸಿಗಿ ಹೋಗು."

ಕಾರು ಕೆಡಿಸಿದ್ದು ಅವನು, ಸೀಟು ಹೋದದ್ದು ಅವಳದ್ದು. ಓದುಗರೇ, ನಿಮಗೆ ಮೈ ಉರಿಯದಿದ್ದರೆ ಈ ಹಾಳೆಯನ್ನು ಇಲ್ಲೇ ಮಡಚಿ ಇಡಿ, ಮುಂದೆ ನಿಮಗೆ ಕೆಲಸವಿಲ್ಲ.

೪. (ಬರೆದು ಹೊಡೆದು ಹಾಕಿದ ಭಾಗ. ಯಾಕೆ ಹೊಡೆದು ಹಾಕಿದೆ ಅಂದರೆ...)

ಇಲ್ಲಿ ಸಿದ್ದಲಿಂಗೇಶನೇ ನನ್ನ ಹತ್ತಿರ ಬಂದ. ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತ. ಅವನಿಗೂ ಸಿಟ್ಟು.

"ನೀವು ಬರಿಯೋದು ನೋಡಿದ್ರ ನಾ ಏನೋ ದೊಡ್ಡ ಗುನ್ಹಾ ಮಾಡೀನಿ ಅನ್ನಂಗದ. ಯಾಕ ಮಾಡ್ದೆ ಹೇಳ್ರಿ? ಆಕಿ ಸಲುವಾಗಿ. ಆ ಕಾಡಿನ ಇಳಿಜಾರು ನೆನಸಿಕೊಂಡ್ರ ನನಗ ನಿದ್ದಿ ಬರಂಗಿಲ್ಲ."

"ಹಾಗಂತ ಅವರಿಗೆ ಹೇಳಿದ್ದಿರಾ?"

"ಅದನ್ನೆಲ್ಲ ಹೇಳ್ತಾರೇನ್ರೀ?" ಅಂದ. ಕುರ್ಚಿ ಇನ್ನಷ್ಟು ಹತ್ತಿರ ಎಳೆದು, "ಒಂದು ಕೆಲಸ ಮಾಡ್ರಿ. ಆಯಿಲ್ ಡೂಪ್ಲಿಕೇಟ್ ಇತ್ತು ಅಂತ ಬರೀರಿ. ಇಲ್ಲಾ ಗುಜರಿಯಂವ ಮೋಸ ಮಾಡ್ದ ಅನ್ರಿ. ನನ್ನ ಮರ್ಯಾದಿನೂ ಉಳೀತದ, ನಿಮ್ಮ ಕತಿನೂ ಮುಂದ ಹೋಗ್ತದ."

ನಿಜ ಹೇಳುತ್ತೇನೆ, ಬರೆದೆ. ಗುಜರಿಯವನಿಗೆ ಒಂದು ಮೀಸೆಯನ್ನೂ ಕೊಟ್ಟೆ. ಆದರೆ ಬರೆಯುತ್ತಿದ್ದ ಹಾಗೇ ಆ ಮೀಸೆಯವನು ಮುಖ ಊದಿಸಿಕೊಂಡ. ನಾನು ಮಾರಿದ ಮಾಲು ಚೊಕ್ಕ ಇದೆ, ಗಂಡ ಹೆಂಡಿರ ನಡುವೆ ನನ್ನನ್ನು ಯಾಕೆ ಎಳೆಯುತ್ತೀರಿ ಅಂದ. ಅವನು ಅಂದದ್ದರಲ್ಲಿ ತಪ್ಪೇನಿದೆ? ಹೊಡೆದು ಹಾಕಿದೆ.

೫.

ಸೋಮವಾರ ದಾನೇಶ್ವರಿ ಬಸ್ಸಿಗೆ ಹೋದಳು. ವಾರ್ಡಿನಲ್ಲಿ ಇಂಜೆಕ್ಷನ್ ತುಂಬಿ, ಸೂಜಿಯ ಮೊನೆ ಮೇಲೆ ಮಾಡಿ ಸಿರಿಂಜ್ ಹಿಡಿದು, ಬೆರಳಿನಿಂದ ಟಕ್ ಟಕ್ ಅಂತ ತಟ್ಟಿದಳು. ಗುಳ್ಳೆ ಮೇಲೇರಿತು. ಅವಳ ಕೈ ಅಲ್ಲೇ ನಿಂತಿತು, ಕಣ್ಣು ಅಗಲವಾಯಿತು, ಮನಸ್ಸಿನಲ್ಲಿ ಮಿಂಚೊಂದು...

"ತಡೀರಿ," ಅಂದಳು. "ಸಿರಿಂಜ್ ಕೈಯಾಗ ಹಿಡಕೊಂಡು ಕಾರಿನ ವಿಚಾರ ಮಾಡ್ತಾ ನಿಂತ್ರ ಪೇಷಂಟ್ ಗತಿ ಏನ್ರೀ? ಹಂಗೇನೂ ಆಗಿಲ್ಲ. ವಾಪಸ್ ಬರೋವಾಗ ಬಸ್ಸಿನ್ಯಾಗ ನಿಂತಿದ್ದೆ, ಸೀಟ್ ಸಿಕ್ಕಿರ್ಲಿಲ್ಲ. ಸಿಟ್ಟಿನ್ಯಾಗ ಅದೇ ವಿಚಾರ ಮಾಡಾಕತ್ತಿದ್ದೆ. ಆಗ ಹೊಳೀತು."

ಸರಿ. ಮಿಂಚು ರದ್ದು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕಾರಿನ ಹತ್ತಿರ ಹೋದಳು. ಸಿದ್ದಲಿಂಗೇಶ ಚಕ್ರಗಳನ್ನು ಮತ್ತೆ ಬಿಚ್ಚಿಟ್ಟಿದ್ದ. ಬಗ್ಗಿ ನೋಡಿದಳು. ನಿಪ್ಪಲ್ ಕ್ಯಾಲಿಪರಿನ ತಳದಲ್ಲಿತ್ತು. ಆಚೆ ಹೋಗಿ ನೋಡಿದಳು, ಅಲ್ಲೂ ತಳದಲ್ಲೇ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕ್ಯಾಲಿಪರ್ ಎತ್ತಿ, ಅದು ಕಾರಿನಲ್ಲಿ ಹೇಗೆ ಕೂತಿತ್ತೋ ಹಾಗೆ ಹಿಡಿದು ನೋಡಿದಳು. ಅದರ ನಿಪ್ಪಲ್ ನೆತ್ತಿಯ ಮೇಲಿತ್ತು.

"ರೀ, ಇಲ್ಲಿ ಬರ್ರಿ. ಗಾಳಿ ಮ್ಯಾಲ ಹೋಗ್ತದ, ಹೌದಲ್ಲೋ? ನೀವು ಬಾಯಿ ತೆಳಗ ಇಟ್ಟೀರಿ. ತೆಳಗಿಂದ ಆಯಿಲ್ ಬರ್ತದ, ಗಾಳಿ ಮ್ಯಾಲೇ ಕುಂತಿರ್ತದ. ಅದಕ್ಕೇ ಗುಳ್ಳಿ ಬಂದಿಲ್ಲ."

ಸಿದ್ದಲಿಂಗೇಶ ನಕ್ಕ. ಸಿಟ್ಟು ಮಾಡಿಕೊಂಡಿದ್ದರೆ ಪರವಾಗಿರಲಿಲ್ಲ, ಅವನು ನಕ್ಕ.

"ಹದಿನೈದು ವರ್ಷ ಆಯ್ತು ನಾ ಗಾಳಿ ಜೋಡಿ ಕೆಲಸ ಮಾಡಾಕತ್ತು. ಕಂಪ್ರೆಸರ್ ಟ್ಯಾಂಕಿನ ಡ್ರೇನ್ ಎಲ್ಲಿರ್ತದ? ತಳದಾಗ. ಡ್ಯೂಟಿ ಹತ್ತಿದ ಕೂಡ್ಲೇ ಮದಲ್ನೇ ಕೆಲಸ ಅದನ್ನ ತೆರಿಯೋದು. ಕೆಟ್ಟದ್ದೆಲ್ಲ ತಳಕ್ಕೇ ಕೂಡ್ತದ. ಹಳೇದರಾಗ ಮ್ಯಾಲ ಇಟ್ಟಿದ್ರು, ನಾನೇ ಬೇಕಂತ ಈ ಕಡಿದು ಆ ಕಡಿ ಹಚ್ಚಿ ತೆಳಗ ತಂದೀನಿ. ನಿನಗ ತಿಳಿಯಂಗಿಲ್ಲ ಬಿಡು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಕಂಪ್ರೆಸರ್ ಟ್ಯಾಂಕಿನಲ್ಲಿ ಗಾಳಿ ಬೇಕು, ಅದರೊಳಗಿನ ನೀರು ಬೇಡ. ನೀರು ಇಳಿದು ತಳ ಸೇರುತ್ತದೆ, ಕೆಳಗಿಂದ ತೆಗೆಯುತ್ತಾರೆ. ಬ್ರೇಕಿನಲ್ಲಿ ಗಾಳಿಯೇ ಬೇಡದ್ದು. ಅವನ ಕೈಗೆ ಕೆಳಗಿಂದ ತೆಗೆಯುವ ಒಂದೇ ಪಾಠ ಗೊತ್ತಿತ್ತು, ಆ ಕೈ ಕೇಳಿದ್ದನ್ನು ತಲೆ ಮಾಡಿತು. ಪ್ಲಾಂಟಿನವನಲ್ಲದವನು ಈ ತಪ್ಪು ಮಾಡುವುದೇ ಇಲ್ಲ, ಅವನಿಗೆ ಹಾಗೆ ತಿರುಗಿಸಿ ಕೂರಿಸಬೇಕು ಅಂತ ಹೊಳೆಯುವುದೂ ಇಲ್ಲ.

ತಪ್ಪು ಮಾಡಲಿ, ಯಾರು ಮಾಡುವುದಿಲ್ಲ? ಆ ನಗು ಯಾಕೆ ಬೇಕಿತ್ತು?

೬.

ಮರುದಿನ ಸಿದ್ದಲಿಂಗೇಶ ಶೌಕತ ಅಲಿಯನ್ನು ಕರೆತಂದ. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟವನು, ವಾಡಿ ಊರಿನವನು, ಸಿದ್ದಲಿಂಗೇಶನ ಹಳೆಯ ದೋಸ್ತ. ದಾನೇಶ್ವರಿಗೆ ರಜೆ ಇತ್ತು. ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಶೌಕತ ಅಲಿ ಬಗ್ಗಿದ. ಎದ್ದ. ಆಚೆ ಹೋಗಿ ಬಗ್ಗಿದ. ಎದ್ದ.

"ಏ ದೋಸ್ತ್ ಸಿದ್ದಣ್ಣ, ನಿಪ್ಪಲ್ ತೆಳಗ ಹ್ಯಾಂಗ ಬಂತೋ? ಎಡಗಡಿದು ಬಲಕ್ಕ ಹಚ್ಚೀದಿ, ಬಲಗಡಿದು ಎಡಕ್ಕ. ಗಾಳಿ ಮ್ಯಾಲ ಕುಂತಾದ, ನೀ ತೆಳಗ ಬಾಗಿಲು ತೆರದೀದಿ."

"ಅರೇ, ಹೌದಲ್ಲ!" ಅಂದ ಸಿದ್ದಲಿಂಗೇಶ. ಹಣೆ ಬಡಿದುಕೊಂಡ. ಒಂದು ಪ್ರಶ್ನೆ ಕೇಳಲಿಲ್ಲ. ಕಂಪ್ರೆಸರ್ ಹೌಸು, ಹದಿನೈದು ವರ್ಷ, ತಳದ ಡ್ರೇನು, ಯಾವುದೂ ಬಾಯಿಗೆ ಬರಲಿಲ್ಲ. ನಗು ಕೂಡ ಬರಲಿಲ್ಲ. "ಅವ್ವಾ, ಶೌಕತ್ ಹಿಡದುಬಿಟ್ಟ ನೋಡು!"

ದಾನೇಶ್ವರಿ ಮೆಟ್ಟಿಲಿಳಿದು ಬಂದಳು.

"ನಿನ್ನಿ ನಾ ಏನಂದಿದ್ದೆ?"

"ಹೂಂ, ನೀನೂ ಏನೋ ಅಂದಿದ್ದಿ."

ನೀನೂ ಏನೋ ಅಂದಿದ್ದಿ! ಈ ಮಾತಿಗೆ ನಾನು ಯಾವ ಟಿಪ್ಪಣಿ ಬರೆಯಲಿ? ನಾಲ್ಕು ಸಲ ಬರೆದು ಹರಿದೆ. ಪೆನ್ನು ಮುರಿಯುವಷ್ಟು ಒತ್ತಿ ಬರೆದೆ. ಶೌಕತ ಅಲಿ ಒಬ್ಬನೇ ಅವಳ ಮುಖ ನೋಡಿ, ಪಾನಾ ಕೆಳಗಿಟ್ಟು, "ಭಾಬಿ ಅಂದಾಗೇ ಕೇಳಬೇಕಿತ್ತಲ್ಲೋ ಮತ್ತ" ಅಂದ. ಅದೂ ಅವಳಿಗೆ ಸಮಾಧಾನ ಕೊಡಲಿಲ್ಲ. ಅವಳು ಸರಿ ಅಂತ ಹೇಳುವುದಕ್ಕೂ ಇನ್ನೊಬ್ಬ ಗಂಡಸೇ ಬೇಕಾಯಿತಲ್ಲ.

ಕ್ಯಾಲಿಪರುಗಳು ತಂತಮ್ಮ ಕಡೆಗೆ ಹೋದವು. ದಾನೇಶ್ವರಿ ಸೀಟಿನಲ್ಲಿ ಕೂತಳು. ಒತ್ತು, ಹಿಡಿ, ಬಿಡು. ಬಾಟಲಿಯಲ್ಲಿ ಗುಳ್ಳೆಗಳು ಬುಳುಬುಳು ಎದ್ದವು. ಸ್ವಲ್ಪ ಹೊತ್ತಿನಲ್ಲಿ ಪೆಡಲ್ ಕಲ್ಲಿನ ಹಾಗೆ ನಿಂತಿತು. ಕಾಲು ಮಾತ್ರ ಅದೇ ಕಾಲು.

೭. ಮುಗಿಸುವ ಪ್ರಯತ್ನಗಳು

ಅ) ಸಿದ್ದಲಿಂಗೇಶ ಜೇಬಿನಿಂದ ಚಾವಿ ತೆಗೆದು ಅವಳ ಅಂಗೈಯಲ್ಲಿಟ್ಟ. "ತಪ್ಪಾಯ್ತು" ಅಂದ. ಅವನ ಕಣ್ಣು ಒದ್ದೆಯಾಗಿತ್ತು.

ದಾನೇಶ್ವರಿ: "ಯಾರ ಮನ್ಯಾಗ್ರೀ ಇದು? ನಮ್ಮ ಮನ್ಯಾಗಂತೂ ಅಲ್ಲ."

ಆ) ಅವಳು ಬಟ್ಟೆ ತುಂಬಿಕೊಂಡು ಕುಂಚಾವರಂನಲ್ಲೇ ಒಂದು ಬಾಡಿಗೆ ಖೋಲಿ ಮಾಡಿದಳು. ಕಿಟಕಿ ತೆರೆದರೆ ಕಾಡು.

ದಾನೇಶ್ವರಿ: "ನಾ ಯಾಕ ಮನಿ ಬಿಡ್ಲಿ? ತಪ್ಪು ಮಾಡಿದವ್ರು ಆರಾಮ ಉಣಲಿ, ನಾ ಹೋಗಿ ಕಾಡು ನೋಡ್ಕೊಂಡು ಕುಂದ್ರಲಿ, ಹೌದಿಲ್ಲೋ? ಭಾಳ ಚಂದದ."

ಇ) ಸಿದ್ದಲಿಂಗೇಶ ತಾನೇ ಕಾರು ತೆಗೆದುಕೊಂಡು ಹೋದ, ಇಳಿಜಾರಿನಲ್ಲಿ ಬ್ರೇಕು...

ದಾನೇಶ್ವರಿ: "ಥೂ. ಜೀವಾ ಉಳಸೋ ಕೆಲಸ ಮಾಡ್ತೀನ್ರೀ ನಾ. ಅಂವ ನನ್ನ ಗಂಡ. ಹೊಡೀರಿ ಅದಕ."

ಮೂರಕ್ಕೂ ಅಡ್ಡಗೆರೆ ಬಿತ್ತು. ಹಾಗಾದರೆ ನೀವೇ ಹೇಳಿ, ಏನಾಯಿತು ಅಂತ ಕೇಳಿದೆ. ಇನ್ನೂ ಎಲ್ಲಿ ಆಗ್ಯಾದ, ನೋಡ್ರಿ ಅಂದಳು. ನೋಡಿದೆ.

೭ ಆದ ಮೇಲೆ. ನಂಬರು ಕೊಡುವುದಿಲ್ಲ.

ಚಕ್ರ ಹಾಕಿಯಾಗಿತ್ತು, ಫರ್ಸಿ ತೆಗೆದು ಕಾರನ್ನು ನೆಲಕ್ಕೆ ಇಳಿಸಿಯಾಗಿತ್ತು. ದಾನೇಶ್ವರಿ ಸೀಟಿನಲ್ಲೇ ಇದ್ದಳು. ಶೌಕತ ಅಲಿ ಕೈ ತೊಳೆಯುತ್ತ ಅಂದ: "ಭಾಬಿ, ಒಮ್ಮಿ ಇಂಜಿನ್ ಚಾಲೂ ಮಾಡಿ ಒತ್ತಿ ಹಿಡೀರಿ. ಪೆಡಲ್ ತೆಳಗ ಹೋಗ್ತದೇನು ನೋಡಮು."

"ಚಾವಿ?" ಅಂದಳು.

ಸಿದ್ದಲಿಂಗೇಶ ಯೋಚನೆಯೇ ಮಾಡದೆ ಜೇಬಿಗೆ ಕೈ ಹಾಕಿ, ಕಿಟಕಿಯಿಂದ ಕೊಟ್ಟ. ಇಂಜಿನ್ ಚಾಲೂ ಆಯಿತು. ಪೆಡಲ್ ಕದಲಲಿಲ್ಲ.

"ಗಚ್ಚಿ ಹಿಡದದ!" ಸಿದ್ದಲಿಂಗೇಶ ಬಾನೆಟ್ಟು ತಟ್ಟಿದ. ಗಲ್ಲಿಗೆಲ್ಲ ಕೇಳುವ ಹಾಗೆ, "ನಾ ಅಂದಿದ್ದಿಲ್ಲ? ಈಗ ಯಾವ ಇಳಿಜಾರಿಗಾದ್ರೂ ಒಯ್ರಿ, ಒತ್ತಿದಲ್ಲೇ ನಿಂದ್ರತದ. ಸಾಕು, ಬಂದ್ ಮಾಡು. ಇಳಿ."

ಅವಳು ಬಂದ್ ಮಾಡಲಿಲ್ಲ.

"ಬ್ರೇಕ್ ಬರೋಬ್ಬರ್ ಅದಾವ?"

"ಹಂಡ್ರೆಡ್ ಪರ್ಸೆಂಟ್."

"ಹಂಗಾರ ಅಂಬಿಕಾಕ್ಕೋರ ಮನಿ ಹಂತ್ಯಾಕ ಹೋಗಿ, ನಡು ರಸ್ತಾದಾಗ ನಿಂದ್ರಿ. ಗಾಡಿಗಿ ಮಾರಿ ಮಾಡಿ ನಿಂದ್ರಿ. ನಾ ಬರ್ತೀನಿ. ಹತ್ರ ಬಂದು ಒತ್ತತೀನಿ."

ಸಿದ್ದಲಿಂಗೇಶ ನಗಲು ನೋಡಿದ. ಅವಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಶೌಕತ ಅಲಿ ನಲ್ಲಿ ಬಂದ್ ಮಾಡಿದ. ಬಾಗಿಲಲ್ಲಿ ಕೂತ ಅತ್ತೆಯ ಮೊರದಲ್ಲಿ ಅವರೆ ಬಿಡಿಸದೆ ಹಾಗೇ ಉಳಿದವು.

"ಹುಚ್ಚು ಹಿಡದದೇನು ನಿನಗ?"

"ಮೊನ್ನಿ ಗಾಳಿ ಹೋಗ್ಯಾದ ಅಂತ ನನ್ನ ಕುಂದ್ರಿಸಿ ಕಳಿಸಿದ್ರಿ. ಆಗ ಯಾರಿಗಿ ಹುಚ್ಚು ಹಿಡದಿತ್ತು? ಇವತ್ತ ಗಲ್ಲಿಯೊಳಗ ನಿಂದ್ರಲಿಕ್ಕ ಕಾಲು ಬರವಲ್ದು. ನಾ ದಿನಾ ಆ ಇಳಿಜಾರಿನ್ಯಾಗ ಇಳೀತೀನಿ."

ಕಾರಿನ ಮುಂದೆ ನಿಂತಿದ್ದವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಆಮೇಲೆ ಇನ್ನೊಂದು. ಗೋಡೆಗೆ ಬೆನ್ನು ಹತ್ತಿತು. ರಸ್ತೆ ಖಾಲಿಯಾಯಿತು.

ಅವಳು ಗೇರ್ ಹಾಕಿದಳು. ಕಾರು ಮೆಲ್ಲಗೆ ಹೊರಟು ಗಲ್ಲಿಯ ಬಾಯಿಗೆ ಹೋಯಿತು. ಅಲ್ಲಿ ಹಿಂದಿನ ಕೆಂಪು ದೀಪಗಳು ಹತ್ತಿದವು, ಕಾರು ಗಕ್ಕನೆ ನಿಂತಿತು. ಆಹಾ, ಇದೇ ಮುಕ್ತಾಯ ಅಂದುಕೊಂಡು ನಾನು ಹಾಳೆ ಹಿಡಿದು ಓಡಿದೆ. ಅವಳು ನಿಂತದ್ದು ಮುಕ್ತಾಯಕ್ಕಲ್ಲ, ದೊಡ್ಡ ರಸ್ತೆಯಲ್ಲಿ ಬರುತ್ತಿದ್ದ ಲಾರಿಗೆ ದಾರಿ ಕೊಡಲು.

"ನಾನೂ ಹತ್ತಲೇ?" ಕಿಟಕಿಯ ಹತ್ತಿರ ಬಗ್ಗಿ ಕೇಳಿದೆ. "ಮುಂದೇನಾಯಿತು ಅಂತ ಓದುಗರಿಗೆ ಹೇಳಬೇಕು. ಚಿಂಚೋಳಿಗೆ ಹೋಗುತ್ತೀರೋ, ಒಂದು ಸುತ್ತು ಹಾಕಿ ಮನೆಗೇ ಬರುತ್ತೀರೋ, ಚಾವಿ ಯಾರ ಹತ್ತಿರ ಉಳಿಯುತ್ತದೋ..."

ಅವಳು ಕನ್ನಡಿಯಲ್ಲಿ ಹಿಂದೆ ನೋಡಿದಳು. ಗೋಡೆಗೆ ಒರಗಿದವನು ಅದರೊಳಗೆ ಇನ್ನೂ ಕಾಣುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದಳು.

"ನೀವಾದ್ರ ನಿಂದ್ರತಿದ್ರೇನು, ಈ ಗಾಡಿ ಮುಂದ?"

ಲಾರಿ ದಾಟಿತು. ನಾನು ಉತ್ತರವನ್ನು ಇನ್ನೂ ಹುಡುಕುತ್ತಿದ್ದೆ. ಅವಳು ಕಾಯಲಿಲ್ಲ.